‘ಓದು’ ಎಂದರೆ ಮಕ್ಕಳಿಗೆ ಪಾಠ ಮಾತ್ರವೇ?

ಗೆಳೆಯರೇ, ಒಂದು ಪದದ ವಿಷಯದಲ್ಲಿ ನಿಮ್ಮ ನೆರವು ಬೇಕು.

ನಾನು 8ನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಶಾಲೆಯ ಲೈಬ್ರರಿಗೆ ಹೊಸ ಪುಸ್ತಕ ತರಿಸುವ ಮುಂಚೆ ಯಾವುದು ಇಷ್ಟ ಅಂತ ಮಕ್ಕಳನ್ನೇ ಕೇಳೋಣ ಎಂದು ಹತ್ತು ಪ್ರಶ್ನೆ ಬರೆದು, ಮೇಲೆ ‘ಓದಿನ ಅಭಿರುಚಿ: ಪ್ರಶ್ನಾವಳಿ’ ಎಂದು ಹಾಕಿ ಹಂಚಿದೆ. ಹಾಳೆ ಕೈಗೆ ಬಂದ ಕೂಡಲೇ ಒಬ್ಬ ಹುಡುಗ ‘ಎಷ್ಟು ಮಾರ್ಕ್ಸಿಗೆ ಸಾರ್?’ ಎಂದ. ಅದಿರಲಿ. ‘ನಿನಗೆ ಏನು ಓದಲು ಇಷ್ಟ?’ ಎಂಬುದಕ್ಕೆ ಹೆಚ್ಚಿನವರು ಸಮಾಜ, ವಿಜ್ಞಾನ ಎಂದು ಬರೆದಿದ್ದರು. ಒಬ್ಬಳು ‘ನರ್ಸಿಂಗ್’ ಎಂದಿದ್ದಳು. ಅದೇ ಹುಡುಗಿ ಊಟದ ಬಿಡುವಿನಲ್ಲಿ ಕಥೆ ಪುಸ್ತಕ ಹಿಡಿದು ಕೂತಿರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ತಪ್ಪು ಮಕ್ಕಳದಲ್ಲ. ‘ಮಗ ಏನು ಓದ್ತಿದ್ದಾನೆ?’ ಎಂದರೆ ನಾವೂ ಪಿಯುಸಿಯೋ ಡಿಪ್ಲೊಮಾವೋ ಹೇಳುತ್ತೇವೆ. ‘ಓದಿದವರು’ ಅಂದರೆ ಕಲಿತವರು. ಇದು ಈಗಿನದೂ ಅಲ್ಲ, 9ನೇ ಶತಮಾನದ ಕವಿರಾಜಮಾರ್ಗದ ‘ಕುರಿತೋದದೆಯುಂ’ ಎಂಬಲ್ಲೂ ಓದು ಎಂದರೆ ಮನಸ್ಸಿಟ್ಟು ಕಲಿಯುವುದೇ. (ಮದುವೆಯಲ್ಲಿ ಮುಯ್ಯಿ ಓದಿಸುವುದನ್ನು ಬಿಡಿ, ಅದರ ದಾರಿಯೇ ಬೇರೆ.)

ಮಲಯಾಳದವರಿಗೆ ಈ ತೊಡಕಿಲ್ಲ. ಪಾಠ ಕಲಿಯುವುದಕ್ಕೆ ‘ಪಠಿಕ್ಕುಕ’, ಪುಸ್ತಕ ಓದುವುದಕ್ಕೆ ‘ವಾಯಿಕ್ಕುಕ’. ನಮ್ಮಲ್ಲಿ ‘ವಾಚನ’ ಇದೆ ನಿಜ, ಆದರೆ ಗಮಕ ವಾಚನ, ವಾಚನಾಲಯ ಬಿಟ್ಟರೆ ಅದು ಮಕ್ಕಳ ಬಾಯಲ್ಲಿ ಬರುವ ಮಾತಲ್ಲ. ‘ಪಠ್ಯೇತರ ಓದು’ ಎಂದರೆ ಅಲ್ಲೂ ಪಠ್ಯ ಬಂದೇ ಬಿಟ್ಟಿತು, ಅಲ್ವಾ? ಮಕ್ಕಳು ತಾವೇ ‘ಸುಮ್ನೆ ಓದೋದು’ ಎನ್ನುತ್ತಾರೆ. ನನಗೆ ಅದೇ ಜಾಸ್ತಿ ಹಿಡಿಸಿದೆ. ಆದರೆ ‘ಸುಮ್ನೆ’ ಎಂದಾಗ ಕೆಲಸಕ್ಕೆ ಬಾರದ್ದು ಎಂಬ ಅರ್ಥವೂ ಅಂಟಿಕೊಳ್ಳುತ್ತದೇನೋ ಎಂಬ ಅಳುಕು, ಏಕೆಂದರೆ ಮನೆಯಲ್ಲಿ ಕಥೆ ಪುಸ್ತಕ ಕಂಡರೆ ‘ಅದನ್ನಿಟ್ಟು ಓದ್ಕೋ ಹೋಗು’ ಎನ್ನುವವರೇ ಹೆಚ್ಚು.

ಸದ್ಯಕ್ಕೆ ‘ಅಭಿರುಚಿ’, ‘ಪ್ರಶ್ನಾವಳಿ’ ಎರಡನ್ನೂ ತೆಗೆದು, ಮೇಲೆ ‘ನನಗೆ ಇಷ್ಟವಾದ ಪುಸ್ತಕ’ ಎಂದಷ್ಟೇ ಹಾಕಿದ್ದೇನೆ. ಮೊದಲ ಪ್ರಶ್ನೆ ಹೀಗಿದೆ: ‘ಪಾಠದ ಪುಸ್ತಕ ಬಿಟ್ಟು ಬೇರೆ ಯಾವ ಪುಸ್ತಕ ಹಿಡಿದರೆ ಕೆಳಗಿಡಲು ಮನಸ್ಸೇ ಬರುವುದಿಲ್ಲ?’ ಉದ್ದವಾಯಿತು, ಆದರೆ ಅರ್ಥ ತಪ್ಪುವುದಿಲ್ಲ.

ಧಾರವಾಡ, ಕಲಬುರಗಿ, ಕರಾವಳಿ ಕಡೆಯವರೇ, ಪಾಠದ ಓದನ್ನೂ ಖುಷಿಯ ಓದನ್ನೂ ಬೇರೆ ಮಾಡಿ ಹೇಳುವ ಮಾತು ನಿಮ್ಮಲ್ಲಿ ಇದೆಯೇ? ಅಜ್ಜಿಯ ಬಾಯಲ್ಲಿ ಒಮ್ಮೆ ಕೇಳಿದ್ದಾದರೂ ಸರಿ, ಬರೆಯಿರಿ. ಸೋಮವಾರ ಹಾಳೆ ಮತ್ತೆ ಹಂಚಬೇಕು.