‘ನೀವು ಮನುಷ್ಯರೇ?’ ಪುಟದಲ್ಲೇ ಸಿಕ್ಕಿಕೊಂಡವರಿಗೆ

ಫೈರ್‌ಫಾಕ್ಸ್ ಬ್ರೌಸರ್, ಜೊತೆಗೆ ನನ್ನ ವಿಳಾಸ ಮರೆಮಾಚುವ ವಿಪಿಎನ್ ಬಳಸುತ್ತೇನೆ, ಹೋದಲ್ಲೆಲ್ಲ ಮನುಷ್ಯರೇ ಎಂದು ಪರೀಕ್ಷಿಸುವ ಕ್ಯಾಪ್ಚಾ ಸುತ್ತುತ್ತಲೇ ಇರುತ್ತದೆ, ಇದನ್ನೆಲ್ಲ ತೆಗೆದುಹಾಕಿ ಕ್ರೋಮ್‌ಗೆ ಹೋಗಿಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ವರ್ಷಗಳಿಂದ ಇದನ್ನು ಅನುಭವಿಸುತ್ತಿದ್ದೇನೆ. ಸಾಮಾನ್ಯವಾಗಿ ತಡೆಗೆ ಕಾರಣ ಒಂದೋ ಎರಡೋ ಇರುತ್ತದೆ, ಅದಷ್ಟನ್ನು ಹುಡುಕಿದರೆ ಸಾಕು.

ಮೊದಲು ವಿಪಿಎನ್ ಒಂದನ್ನೇ ಆಫ್ ಮಾಡಿ ನೋಡಿ. ಪುಟ ತೆರೆದರೆ ತೊಂದರೆ ಐಪಿ ವಿಳಾಸದ್ದು, ಅಂದರೆ ಇಂಟರ್ನೆಟ್‌ನಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆಯದ್ದು. ವಿಪಿಎನ್‌ನ ಒಂದೇ ವಿಳಾಸದಿಂದ ಎಷ್ಟೋ ಜನ ಹೊರಬರುತ್ತಾರೆ, ಅವರಲ್ಲೊಬ್ಬ ಸ್ಪ್ಯಾಮ್ ಕಳಿಸಿದರೂ ಕೆಟ್ಟ ಹೆಸರು ಎಲ್ಲರಿಗೂ. ಬೇರೆ ಸರ್ವರ್‌ಗೆ ಬದಲಿಸಿ. ಗುರುತು ಮರೆಮಾಚುವ ಜಾಲವಾದ ಟಾರ್ ಬಳಸುವವರ ಪಾಡು ಇನ್ನೂ ಕಷ್ಟ, ಏಕೆಂದರೆ ಅದರ ಬಳಕೆದಾರರು ಹೊರಬರುವ ಎಕ್ಸಿಟ್ ಸರ್ವರ್‌ಗಳ ಪಟ್ಟಿ ಎಲ್ಲರಿಗೂ ಸಿಗುತ್ತದೆ. ಟಾರ್‌ನಿಂದ ಬರುವ ರಿಕ್ವೆಸ್ಟ್‌ಗಳಲ್ಲಿ (ಪುಟ ಕೇಳುವ ಕೋರಿಕೆಗಳಲ್ಲಿ) ಶೇ. 94ರಷ್ಟು ದುರುದ್ದೇಶದವು ಎಂದು, ಎಷ್ಟೋ ಸೈಟುಗಳಿಗೆ ಇಂಥ ತಡೆ ಒದಗಿಸುವ ಕಂಪನಿ ಕ್ಲೌಡ್‌ಫ್ಲೇರ್ 2016ರಲ್ಲಿ ಹೇಳಿತ್ತು, ಟಾರ್ ಪ್ರಾಜೆಕ್ಟ್ ಅದನ್ನು ಒಪ್ಪಲಿಲ್ಲ. ನಾನೂ ಒಪ್ಪುವುದಿಲ್ಲ. ಒಂದು ಬಾಟ್ (ತಾನಾಗಿಯೇ ಓಡುವ ಪ್ರೋಗ್ರಾಂ) ಸಾವಿರಾರು ರಿಕ್ವೆಸ್ಟ್ ಕಳಿಸುವಾಗ ಓದುವವರು ಕಳಿಸುವುದು ಬೆರಳೆಣಿಕೆಯಷ್ಟು. ರಿಕ್ವೆಸ್ಟ್ ಎಣಿಸಿದರೆ ಮನುಷ್ಯರು ಲೆಕ್ಕಕ್ಕೇ ಸಿಗುವುದಿಲ್ಲ.

ವಿಪಿಎನ್ ಇಲ್ಲದೆಯೂ ಸುತ್ತುತ್ತಿದ್ದರೆ ಬ್ರೌಸರ್ ನೋಡಿ. ಯೂಸರ್ ಏಜೆಂಟ್, ಅಂದರೆ ಬ್ರೌಸರ್ ಸೈಟಿಗೆ ಹೇಳುವ ತನ್ನ ಹೆಸರು, ಅದನ್ನು ಬದಲಿಸುವ ಎಕ್ಸ್‌ಟೆನ್ಷನ್ ಇದ್ದರೆ ಇವತ್ತೇ ತೆಗೆಯಿರಿ. ಹೆಸರು ಕ್ರೋಮ್, ಸಂಪರ್ಕದ ರೀತಿ ಫೈರ್‌ಫಾಕ್ಸ್‌ನದು ಎಂದಾದಾಗ ನೀವು ಬಾಟ್‌ನಂತೆಯೇ ಕಾಣುತ್ತೀರಿ. ಸೈಟುಗಳು ನಿಮ್ಮ ಬ್ರೌಸರ್‌ನ ಗುರುತು ಹಿಡಿಯದಂತೆ ತಡೆಯುವ ಫೈರ್‌ಫಾಕ್ಸ್‌ನ ‘ರೆಸಿಸ್ಟ್ ಫಿಂಗರ್‌ಪ್ರಿಂಟಿಂಗ್’ ನೀವೇ ಆನ್ ಮಾಡಿದ್ದರೆ ಅದೂ ಕಾರಣವಿರಬಹುದು. ಅದು ಟೈಮ್‌ಝೋನ್ ಮರೆಮಾಡುತ್ತದೆ, ಕ್ಯಾನ್ವಾಸ್ (ಬ್ರೌಸರ್ ಚಿತ್ರ ಬಿಡಿಸುವ ರೀತಿಯ) ಮಾಹಿತಿಯನ್ನೂ ಕಲಸುತ್ತದೆ. ಅದನ್ನು ಪೂರ್ತಿ ಆಫ್ ಮಾಡುವ ಬದಲು ನಾನು ಹಠಮಾರಿ ಸೈಟುಗಳಿಗೆಂದೇ ಬೇರೆ ಪ್ರೊಫೈಲ್ ಇಟ್ಟಿದ್ದೇನೆ. ಅಲ್ಲಿ ಕುಕೀ, ಜಾವಾಸ್ಕ್ರಿಪ್ಟ್ ಎರಡಕ್ಕೂ ಅನುಮತಿ ಇದೆ, ಬೇರೆ ಯಾವ ಖಾತೆಗೂ ಲಾಗಿನ್ ಇಲ್ಲ.

ಕ್ಯಾಪ್ಚಾ ಕೂಡ ಬರದೆ ನೇರವಾಗಿ ‘ಆಕ್ಸೆಸ್ ಡಿನೈಡ್’, 1020 ಎಂದು ಬಂದರೆ ಅದು ಸೈಟಿನವರೇ ಹಾಕಿದ ನಿಯಮ. ಕ್ಲೌಡ್‌ಫ್ಲೇರ್‌ಗೆ ಬರೆದು ಪ್ರಯೋಜನವಿಲ್ಲ. ಪುಟದ ಕೆಳಗಿರುವ ‘ರೇ ಐಡಿ’ ಎಂಬ ಗುರುತಿನ ಕೋಡ್ ನಕಲು ಮಾಡಿ ಸೈಟಿನವರಿಗೆ ಮೇಲ್ ಮಾಡಿ. ಅದರಿಂದ ಯಾವ ನಿಯಮ ನಿಮ್ಮನ್ನು ತಡೆಯಿತೆಂದು ಅವರು ಹುಡುಕಬಹುದು. ಒಂದು ಗ್ರಂಥಾಲಯದವರು ನಾನು ಬರೆದ ಮೇಲೆ ನಿಯಮ ಸಡಿಲಿಸಿದರು. ಉತ್ತರ ಕೊಡದವರೂ ಇದ್ದಾರೆ, ಆದರೂ ಬರೆಯಿರಿ. ಓದುಗರು ಹೊರಗುಳಿಯುತ್ತಿದ್ದಾರೆ ಎಂಬುದು ಎಷ್ಟೋ ಸೈಟಿನವರಿಗೆ ಗೊತ್ತೇ ಇರುವುದಿಲ್ಲ.

ಇನ್ನೊಂದು ವಿಷಯ. ‘ಮನುಷ್ಯರೆಂದು ಸಾಬೀತುಪಡಿಸಲು ವಿಂಡೋಸ್ ಕೀ ಜೊತೆ ಆರ್ ಒತ್ತಿ, ಪೇಸ್ಟ್ ಮಾಡಿ, ಎಂಟರ್ ಒತ್ತಿ’ ಎಂದು ಯಾವ ಪುಟ ಹೇಳಿದರೂ ಕೂಡಲೇ ಮುಚ್ಚಿ. ಅದು ಮಾಲ್‌ವೇರ್ ಹಾಕಿಸುವ ಮೋಸ. ದಿನವೂ ಕ್ಯಾಪ್ಚಾ ಒತ್ತಿ ಬೇಸತ್ತ ನಮ್ಮಂಥವರೇ ಅದಕ್ಕೆ ಸುಲಭವಾಗಿ ಸಿಗುವುದು.