ವಾರ ವಾರ ಬೆಂಗಳೂರಿಗೆ ಹೋಗಲು ಆಗದಿದ್ದರೆ ಮಗುವಿನ ಆತಂಕಕ್ಕೆ ಚಿಕಿತ್ಸೆ ಎಲ್ಲಿ?

ಪ್ರಶ್ನೆ (ಶಿಡ್ಲಘಟ್ಟದ ಒಬ್ಬ ತಾಯಿ): ಮೇಡಂ, ನಮಸ್ತೆ. ಮಗನಿಗೆ ಒಂಬತ್ತು ವರ್ಷ. ದಸರಾ ರಜೆ ಮುಗಿದ ಮೇಲೆ ಸ್ಕೂಲಿಗೆ ಹೋಗಲ್ಲ ಅಂತ ಹಟ. ಬೆಳಿಗ್ಗೆಯಾದರೆ ಹೊಟ್ಟೆನೋವು, ವಾಂತಿ. ಭಾನುವಾರ ಮಾತ್ರ ಏನೂ ಇರಲ್ಲ. ಸ್ಕ್ಯಾನಿಂಗ್ ನಾರ್ಮಲ್. ಬೆಂಗಳೂರಿನಲ್ಲಿ ಆತಂಕದ ಸಮಸ್ಯೆ ಅಂದರು, ಪ್ರತಿ ವಾರ ಬನ್ನಿ ಅಂದರು. ನಮ್ಮ ಮನೆಯವರದು ರೇಷ್ಮೆ ರೀಲಿಂಗ್ ಕೆಲಸ, ರಜೆ ಹಾಕಿದರೆ ಕೂಲಿ ಇಲ್ಲ. ಅದೇ ಚಿಕಿತ್ಸೆ ಇಲ್ಲೇ ಆಗಲ್ವಾ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಆಗುತ್ತಮ್ಮ. ಇದಕ್ಕೆ ದೊಡ್ಡ ಆಸ್ಪತ್ರೆಯೇ ಬೇಕು ಅಂತಿಲ್ಲ. ತರಬೇತಿ ಇರುವ ಒಬ್ಬರು ವಾರಕ್ಕೊಮ್ಮೆ ಇದೇ ಮಗುವನ್ನು ಬಿಡದೆ ನೋಡಬೇಕು. ನಮ್ಮ ಕಡೆ ತಪ್ಪುವುದು ಅಲ್ಲೇ.

ಮಕ್ಕಳ ಆತಂಕಕ್ಕೆ ಚೆನ್ನಾಗಿ ಸಾಬೀತಾಗಿರುವ ಚಿಕಿತ್ಸೆ ಸಿಬಿಟಿ, ಅಂದರೆ ಯೋಚನೆ, ನಡವಳಿಕೆ ಬದಲಿಸಿ ಭಯವನ್ನು ಹಂತಹಂತವಾಗಿ ಎದುರಿಸಲು ಕಲಿಸುವ ಮಾತಿನ ಚಿಕಿತ್ಸೆ. ಹೊಟ್ಟೆನೋವು ಅಂದ ಕೂಡಲೇ ಮನೆಯಲ್ಲಿ ಉಳಿಸಿಕೊಂಡರೆ ಭಯ ತಕ್ಷಣ ಇಳಿಯುತ್ತದೆ. ಆದರೆ ಮನೆಯಲ್ಲಿದ್ದರೇ ಸಮಾಧಾನ ಅಂತ ಮಗು ಕಲಿತುಬಿಡುತ್ತದೆ, ಮಾರನೇ ದಿನ ಭಯ ಇನ್ನೂ ಜಾಸ್ತಿ. ಹಾಗಂತ ಎಳೆದುಕೊಂಡು ಹೋಗಿ ಕೂರಿಸುವುದೂ ಬೇಡ. ಮೊದಲು ಯೂನಿಫಾರ್ಮ್ ಹಾಕಿಕೊಂಡು ಗೇಟಿನವರೆಗೆ. ಅದು ರೂಢಿಯಾದ ಮೇಲೆ ಹೆಡ್‌ಮಾಸ್ಟರ್ ಕೋಣೆಯಲ್ಲಿ ಒಂದು ಪೀರಿಯಡ್. ಆಮೇಲೆ ಕ್ಲಾಸಿನಲ್ಲಿ ಬಿಸಿಯೂಟದವರೆಗೆ. ಭಯ ಹತ್ತಕ್ಕೆ ಎಷ್ಟು ಅಂತ ಪ್ರತಿ ಸಲ ಮಗನನ್ನೇ ಕೇಳಿ ಬರೆದಿಡಿ. ಅದು ಸ್ವಲ್ಪ ಇಳಿಯುವವರೆಗೆ ಅಲ್ಲೇ ಇರಲಿ. ಒಂದು ಮಾತು, ಸ್ಕೂಲಿನಲ್ಲಿ ಯಾರಾದರೂ ಹೊಡೆಯುತ್ತಾರಾ, ಓದಲು ಕಷ್ಟವಾಗುತ್ತಿದೆಯಾ ಅಂತ ಮೊದಲು ತಿಳಿದುಕೊಳ್ಳಿ. ಹೊಡೆತ ಇದ್ದರೆ ಅದನ್ನು ನಿಲ್ಲಿಸದೆ ಮಗುವಿಗೆ ಧೈರ್ಯ ಹೇಳಿ ಏನು ಪ್ರಯೋಜನ?

ಇನ್ನು ಎಲ್ಲಿ ಅಂತ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ನಮ್ಮ ಬಳ್ಳಾರಿಯಲ್ಲಿ ನಡೆದ ಪ್ರಯೋಗದ ಮಾದರಿಯಲ್ಲೇ 1996ರಲ್ಲಿ ದೇಶದಲ್ಲಿ ಶುರುವಾದ ಯೋಜನೆ ಇದು. ಆದರೆ ಇಡೀ ಜಿಲ್ಲೆಗೆ ಒಂದೇ ತಂಡ, ದೊಡ್ಡವರ ಸಾಲೇ ಉದ್ದ. ಮಂಗಳವಾರ ನಡೆಯುವ ಸರ್ಕಾರಿ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ಮಂಗಳವಾರ ಅಂತಲೂ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನವರನ್ನೂ ಬಿಡಬೇಡಿ. ತಿಂಗಳಿಗೊಮ್ಮೆ ಬರುತ್ತೇವೆ, ನಡುವಿನ ವಾರ ಫೋನಿನಲ್ಲಿ ನೋಡಿ, ಏನು ಮಾಡಬೇಕೋ ಬರೆದುಕೊಡಿ ಅನ್ನಿ.

ಎಲ್ಲೇ ಹೋದರೂ ಎದ್ದು ಬರುವಾಗ ಒಂದು ಪ್ರಶ್ನೆ ಕೇಳಿ: ಈ ವಾರ ನಾವು ಮನೆಯಲ್ಲಿ ಏನು ಮಾಡಬೇಕು? ಉತ್ತರ ಸಿಗದಿದ್ದರೆ ಅದು ಸುಮ್ನೆ ಬುದ್ಧಿಮಾತು, ಕೌನ್ಸೆಲಿಂಗ್ ಅಂತ ಹೆಸರು ಅಷ್ಟೇ.

ಪ್ರಶ್ನೆ (ಚಿಂತಾಮಣಿಯ ಒಬ್ಬ ಶಿಕ್ಷಕರು): ನಾವು ಮೇಷ್ಟ್ರುಗಳೇ ತರಬೇತಿ ತಗೊಂಡು ಇದನ್ನು ಮಾಡಬಹುದಾ ಮೇಡಂ?

ಉತ್ತರ: ಗೇಟಿನಿಂದ ಕ್ಲಾಸಿನವರೆಗೆ ಒಂದೊಂದೇ ಮೆಟ್ಟಿಲು ಹತ್ತಿಸಲು ನಿಮ್ಮ ಸಹಾಯ ಬೇಕೇ ಬೇಕು ಸರ್. ಚಿಕಿತ್ಸೆಯ ಪೂರ್ತಿ ಹೊಣೆ ಬೇಡ ಅನ್ನುತ್ತೇನೆ. ಬಿಹಾರದ ಹೈಸ್ಕೂಲುಗಳಲ್ಲಿ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮಕ್ಕಳ ಮಾನಸಿಕ ಆರೋಗ್ಯದ ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಅದಕ್ಕೆಂದೇ ನೇಮಿಸಿದ, ಪರಿಣತರಲ್ಲದ ಕೌನ್ಸಿಲರ್‌ಗಳು ನಡೆಸಿದರು. ಇನ್ನು ಕೆಲವು ಕಡೆ ಅಲ್ಲಿನ ಶಿಕ್ಷಕರೇ ನಡೆಸಿದರು. ಮೊದಲನೆಯ ಕಡೆ ಕೀಟಲೆ, ಹಿಂಸೆ, ಖಿನ್ನತೆಯ ಲಕ್ಷಣ ಕಡಿಮೆಯಾದವು. ಶಿಕ್ಷಕರು ನಡೆಸಿದ ಕಡೆ ಫಲ ಕಾಣಲಿಲ್ಲ. ಶಿಕ್ಷಕರನ್ನು ದೂರುತ್ತಿಲ್ಲ ಸರ್. ಪಾಠ, ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ, ಇಷ್ಟರ ಮೇಲೆ ಇದೂ ಅಂದರೆ ಯಾರಿಗೆ ಆಗುತ್ತದೆ? ಪರಿಣತರೇ ಮಾಡಬೇಕು ಅಂತೇನೂ ಇಲ್ಲ, ಆದರೆ ಅದಕ್ಕೇ ಅಂತ ಒಬ್ಬರು ಇರಬೇಕು, ಅವರ ಕೆಲಸವನ್ನು ಬಲ್ಲವರು ಆಗಾಗ ಪರಿಶೀಲಿಸಬೇಕು. ಎರಡು ದಿನದ ತರಬೇತಿ, ಒಂದು ಸರ್ಟಿಫಿಕೇಟ್, ಆಮೇಲೆ ಯಾರೂ ಕೇಳುವವರಿಲ್ಲ. ಅದರಿಂದ ಏನೂ ಆಗಲ್ಲ.

ಪ್ರಶ್ನೆ (ಮೊದಲಿನ ತಾಯಿ): ನಾಳೆ ಬೆಳಿಗ್ಗೆ ಹೊಟ್ಟೆನೋವು ಅಂದರೆ ಏನು ಮಾಡಲಿ?

ಉತ್ತರ: ಜ್ವರ ನೋಡಿ. ಜ್ವರ, ಭೇದಿ ಇದ್ದರೆ, ತೂಕ ಇಳಿಯುತ್ತಿದ್ದರೆ ಅಥವಾ ರಾತ್ರಿ ನಿದ್ದೆಯಲ್ಲೂ ನೋವಿಗೆ ಏಳುತ್ತಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಅದ್ಯಾವುದೂ ಇಲ್ಲದಿದ್ದರೆ, ನೋವು ನಿಜ ಅಂತ ಗೊತ್ತು ಕಂದ, ಆದರೂ ಗೇಟಿನವರೆಗೆ ಹೋಗಿ ಬರೋಣ ಅನ್ನಿ. ನಾಟಕ ಅಂತ ಬೈಯಬೇಡಿ. ಮನೆಯಲ್ಲೇ ಉಳಿದರೆ ಸ್ಕೂಲು ಬಿಡುವ ಹೊತ್ತಿನವರೆಗೆ ಟಿವಿ, ಮೊಬೈಲ್ ಎರಡೂ ಬೇಡ. ಅಜ್ಜಿಗೂ ಇದನ್ನು ಮೊದಲೇ ಹೇಳಿಡಿ.