ಪದಚರ್ಚೆ: ‘ಫೌಂಡೇಶನ್ ಪೀಸಿಂಗ್’ ಅನ್ನು ‘ಮಗುಚು ಹೊಲಿಗೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಿಂದ ಬರೆಯುತ್ತಿದ್ದೇನೆ. ಇಷ್ಟು ದಿನ ನೀವೆಲ್ಲ ಬರೆದದ್ದನ್ನು ಸುಮ್ನೆ ಓದಿಕೊಂಡಿದ್ದೆ. ಈಗ ನನಗೇ ಒಂದು ಪದ ಬೇಕಾಗಿದೆ, ‘ಫೌಂಡೇಶನ್ ಪೀಸಿಂಗ್’ಗೆ. ಅಡಿಗೆ ಹಾಳೆಯನ್ನೋ ತೆಳು ಬಟ್ಟೆಯನ್ನೋ ಇಟ್ಟು, ಅದರ ಮೇಲೆ ಬಟ್ಟೆ ತುಂಡುಗಳನ್ನು ಹೊಲಿದು ಕೂಡಿಸುವ ಬಗೆ ಅದು.

ನಾವು ಆರು ಜನ ಹೆಂಗಸರು ಶನಿವಾರ ಮಧ್ಯಾಹ್ನ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಬಟ್ಟೆ ತುಂಡುಗಳನ್ನು ಜೋಡಿಸಿ ಹೊದಿಕೆ, ದಿಂಬಿನ ಕವರ್, ಚೀಲ ಹೊಲಿಯುತ್ತೇವೆ. ಮಳೆಗಾಲದಲ್ಲಿ ಹೊರಗೆ ಕಾಲಿಡಲಾಗದೆ ಶುರುವಾದ ಚಟ ಇದು, ಬೇಸಿಗೆ ಬಂದರೂ ಬಿಡಲಿಲ್ಲ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಒಂದು ದಿನ ಇದನ್ನೆಲ್ಲ ಹರವಿ ಜನರಿಗೆ ತೋರಿಸೋಣ ಅಂತ ಮಾತಾಯಿತು. ಬೋರ್ಡು ಕನ್ನಡದಲ್ಲೇ ಇರಬೇಕು ಅಂತ ಹಟ ಹಿಡಿದವಳು ನಾನು. ಹಾಗಾಗಿ ಪದ ಹುಡುಕುವ ಕೆಲಸವೂ ನನ್ನ ತಲೆಗೇ ಬಂತು.

ಮೊದಲು ಒಟ್ಟು ಕೆಲಸಕ್ಕೆ ‘ಪ್ಯಾಚ್‌ವರ್ಕ್’ ಎಂದೇ ಇಟ್ಟುಬಿಡೋಣ ಅನಿಸಿತ್ತು. ಎಲ್ಲರಿಗೂ ಗೊತ್ತಿರುವ ಪದ ಅಲ್ವಾ? ಎದುರು ಮನೆಯ ಅಂಕಲ್‌ಗೆ ಹೇಳಿದೆ, “ನಾವೆಲ್ಲ ಸೇರಿ ಪ್ಯಾಚ್‌ವರ್ಕ್ ಮಾಡ್ತಿದ್ದೀವಿ ಅಂಕಲ್.” ಅವರು ಪೇಪರಿನಿಂದ ತಲೆಯೆತ್ತಿ ಕೇಳಿದರು, “ಯಾವ ರೋಡು?” ಅವರ ತಪ್ಪೇನಿಲ್ಲ ಬಿಡಿ. ಕೊಡಗಿನಲ್ಲಿ ಪ್ಯಾಚ್‌ವರ್ಕ್ ಅಂದರೆ ಮಳೆ ನಿಂತ ಮೇಲೆ ಗುಂಡಿಗೆ ಜಲ್ಲಿ ಡಾಂಬರು ಸುರಿಯುವುದು.

ಇನ್ನು ‘ತೇಪೆ’. ನಿಘಂಟು ತೆರೆದರೆ ಮೊದಲು ಸಿಗುವುದು ಇದೇ. ಆದರೆ ತೇಪೆ ಬೇಕಾಗುವುದು ತೂತು ಇರುವ ಕಡೆ. ಹರಿದ ಚಡ್ಡಿಗೆ ಮೇಲಿನಿಂದ ಒಂದು ತುಂಡು ಇಟ್ಟು ಹೊಲಿದರೆ ತೇಪೆ. ಒಂದರ ಮೇಲೆ ಒಂದು ಇಡುವ ಕೆಲಸ ಅದು. ನಮ್ಮದರಲ್ಲಿ ತುಂಡುಗಳು ಅಂಚಿಗೆ ಅಂಚು ಕೂಡಿ ಹೊಸ ಬಟ್ಟೆಯೇ ಆಗುತ್ತದೆ. ತೇಪೆಗೆ ಹತ್ತಿರದ್ದು ಬೇಕಾದರೆ ಅಪ್ಲಿಕ್ (ಬಟ್ಟೆಯ ಮೇಲೆ ಇನ್ನೊಂದು ತುಂಡು ಇಟ್ಟು ಚಿತ್ತಾರ ಹೊಲಿಯುವುದು), ಪ್ಯಾಚ್‌ವರ್ಕ್ ಅಲ್ಲ. ಅದೂ ಅಲ್ಲದೆ ‘ತೇಪೆ ಹಚ್ಚಿದರು’ ಅಂದರೆ ಕೆಲಸ ಸರಿಯಾಗಿ ಮಾಡಲಿಲ್ಲ ಎಂದೇ ಅರ್ಥ. ಎಂಟು ವಾರ ಕೂತು ಹೊಲಿದದ್ದಕ್ಕೆ ಆ ಹೆಸರು ಇಡಲು ನನಗೆ ಮನಸ್ಸಿಲ್ಲ.

‘ಚಿಂದಿ’ಯನ್ನೂ ಯೋಚಿಸಿದೆ. ನಮ್ಮ ಗುಂಪಿನವರೊಬ್ಬರ ಮಗಳು ಕಾಲೇಜಿಂದ ಬಂದವಳು ಹೊದಿಕೆ ನೋಡಿ “ಚಿಂದಿ ಆಂಟಿ!” ಅಂದಳು. ಹೊಗಳಿದಳೋ ಬೈದಳೋ ಅಂತ ನಾವು ಮೂವರು ಮುಖ ಮುಖ ನೋಡಿಕೊಂಡೆವು. ಹೊಗಳಿದ್ದಂತೆ.

ಹಾಗಾದರೆ ‘ಕೌದಿ’ ಇದೆಯಲ್ಲ ಅಂತ ನಿಮ್ಮಲ್ಲಿ ಅರ್ಧ ಜನ ಈಗಲೇ ಬರೆಯಲು ಕೂತಿರುತ್ತೀರಿ. ನನಗೂ ಅದೇ ಆಸೆ ಇತ್ತು. ನಮ್ಮ ಗುಂಪಿನಲ್ಲಿ ಹಾವೇರಿ ಕಡೆಯ ಟೀಚರ್ ಒಬ್ಬರಿದ್ದಾರೆ. ಅವರು ಒಪ್ಪಲಿಲ್ಲ. “ಕೌದಿ ಅಂದ್ರ ಹರದದ್ದನ್ನ ಹೊಲಿಯೂದ್ರೀ. ನೀವು ಹೊಸಾದನ್ನ ಹರದು ಹೊಲಿಯಾಕ ಹತ್ತೀರಿ” ಅಂದರು. ಅದಕ್ಕೆ ಉತ್ತರ ಕೊಡಲು ನನಗೆ ಇನ್ನೂ ಆಗಿಲ್ಲ. ಕೌದಿಯಲ್ಲಿ ಹಳೆ ಸೀರೆ, ಧೋತರದ ಪದರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ತುಂಡುಗಳನ್ನಿಟ್ಟು, ಎಲ್ಲವನ್ನೂ ಸೇರಿಸಿ ಉದ್ದಕ್ಕೂ ಕೈಹೊಲಿಗೆ ಹಾಕುತ್ತಾರೆ. ತುಂಡು ಕೂರಿಸುವುದೂ ಪದರ ಹಿಡಿಸುವುದೂ ಒಂದೇ ಸಲಕ್ಕೆ ಆಗಿಹೋಗುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ‘ಕವಂದಿ’ಯೂ ಇದೇ ಜಾತಿಯದ್ದು. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಮಡಚಿದ ಮುಕ್ಕೋನದ ತುಂಡು ಇಡುತ್ತಾರೆ, ಅದನ್ನು ಹೂವು ಎಂದೇ ಕರೆಯುತ್ತಾರೆ.

ಇಂಗ್ಲಿಷಿನವರು ಇದನ್ನು ಎರಡು ಕೆಲಸ ಮಾಡಿ ಎರಡು ಹೆಸರು ಕೊಟ್ಟಿದ್ದಾರೆ. ತುಂಡುಗಳನ್ನು ಕೂಡಿಸಿ ಮೇಲಿನ ಬಟ್ಟೆ ಮಾಡುವುದು ಪ್ಯಾಚ್‌ವರ್ಕ್. ಆ ಮೇಲಿನ ಬಟ್ಟೆ, ನಡುವಿನ ಹತ್ತಿ, ಅಡಿಯ ಬಟ್ಟೆ, ಈ ಮೂರನ್ನೂ ಸೇರಿಸಿ ಹೊಲಿಯುವುದು ಕ್ವಿಲ್ಟಿಂಗ್. ನಮ್ಮಲ್ಲಿ ಕೆಲಸವೇ ಒಂದಾಗಿದ್ದರಿಂದ ಹೆಸರೂ ಒಂದೇ ಇದೆ. ಹಾಗಾಗಿ ಆದ ವಸ್ತುವಿಗೆ ‘ಕೌದಿ’ ಅನ್ನಬಹುದು, ಟೀಚರ್ ಬೈದರೂ ಪರವಾಗಿಲ್ಲ. ಮಾಡುವ ಬಗೆಗೆ ಬೇರೆ ಪದ ಬೇಕು.

ಪ್ಯಾಚ್‌ವರ್ಕಿಗೆ ನಾನು ‘ತುಣುಕು ಹೊಲಿಗೆ’ ಅಂತ ಗಟ್ಟಿ ಮಾಡಿಕೊಂಡಿದ್ದೇನೆ. ಇದಕ್ಕೊಂದು ಚೆಂದದ ಕಾರಣವಿದೆ. ಕೊಡವ ತಕ್ಕಿನಲ್ಲಿ, ಅಂದರೆ ಕೊಡವರ ಭಾಷೆಯಲ್ಲಿ, ಬಟ್ಟೆಗೆ ‘ತುಣಿ’ ಅನ್ನುತ್ತಾರೆ, ಮದುವೆ ಗಂಡಿನ ತಲೆಯ ಮೇಲಿನದ್ದು ‘ಮಂಡೆ ತುಣಿ’. ತಮಿಳು, ಮಲಯಾಳದಲ್ಲೂ ಬಟ್ಟೆ ತುಣಿಯೇ. ಇದೂ ನಮ್ಮ ‘ತುಣುಕು’ವೂ ಒಂದೇ ಬೇರಿನವು, ಕತ್ತರಿಸು ಅನ್ನುವ ಅರ್ಥದ್ದು. ಕನ್ನಡದ ‘ಅರಿವೆ’ಯೂ ಹಾಗೇ, ‘ಅರಿ’ ಅಂದರೆ ಕತ್ತರಿಸು, ಅರಿದದ್ದು ಅರಿವೆ. ಮಗ್ಗದಿಂದ ಕತ್ತರಿಸಿ ತೆಗೆದದ್ದೇ ಬಟ್ಟೆ ಅಲ್ವಾ! ನಮ್ಮ ಗುಂಪಿನ ಕೊಡವ ಆಂಟಿಗೆ ಇದನ್ನು ಹೇಳಿದಾಗ “ಹಾಗಾದ್ರೆ ನಾವು ಮಾಡೋದು ತುಣಿಯನ್ನ ತುಣುಕು ಮಾಡಿ ಮತ್ತೆ ತುಣಿ ಮಾಡೋದು” ಅಂದು ನಕ್ಕರು.

ಈಗ ನಿಜವಾದ ತಲೆನೋವಿಗೆ ಬರುತ್ತೇನೆ. ‘ಫೌಂಡೇಶನ್ ಪೀಸಿಂಗ್.’

ನೋಡದವರಿಗೆ ಸ್ವಲ್ಪ ವಿವರಿಸಬೇಕು. ಒಂದು ಹಾಳೆಯ ಮೇಲೆ ಚಿತ್ರವನ್ನು ನೇರ ಗೆರೆಗಳಲ್ಲಿ ಬರೆದಿರುತ್ತದೆ. ಗೆರೆಗಳ ನಡುವಿನ ಒಂದೊಂದು ಮನೆಗೂ ನಂಬರ್. 1ನೇ ಮನೆಗೆ ಬೇಕಾದ ತುಂಡನ್ನು ಹಾಳೆಯ ಹಿಂಬದಿಯಲ್ಲಿ ಅಂಗಾತ ಇಡಬೇಕು. ಅದರ ಮೇಲೆ 2ನೇ ತುಂಡನ್ನು ಬೋರಲು ಹಾಕಬೇಕು. (ಬಟ್ಟೆಯ ಯಾವ ಮುಖ ಎತ್ತ ಇರಬೇಕು ಅಂತ ಹೇಳಲು ಇಂಗ್ಲಿಷ್ ಪುಸ್ತಕಗಳು ಒಂದೊಂದು ಸಾಲು ತಿನ್ನುತ್ತವೆ. ನಮಗೆ ಅಂಗಾತ, ಬೋರಲು ಎರಡೇ ಪದ ಸಾಕು. ಹೇಳಿಕೊಡುವಾಗ ಇದರಿಂದ ಎಷ್ಟು ಸುಲಭವಾಯಿತು ಅಂತೀರಿ!) ಆಮೇಲೆ ಹಾಳೆ ಮೇಲೆ, ಬಟ್ಟೆ ಕೆಳಗೆ ಬರುವಂತೆ ಹಿಡಿದು, ಗೆರೆಯ ಮೇಲೇ ಮಿಷಿನ್ ಓಡಿಸಬೇಕು. ಬಟ್ಟೆ ಅಡಿಯಲ್ಲಿರುತ್ತದೆ, ಕಣ್ಣಿಗೆ ಕಾಣಿಸುವುದಿಲ್ಲ. ನಂಬಿಕೆ ಮೇಲೆ ಹೊಲಿಯಬೇಕು. ಹೊಲಿದ ಮೇಲೆ ಕಾಲಿಂಚು ಬಿಟ್ಟು ಹೆಚ್ಚಿನದ್ದನ್ನು ಕತ್ತರಿಸಿ, 2ನೇ ತುಂಡನ್ನು ಅದರ ಮನೆಯ ಕಡೆಗೆ ಮಗುಚಿ, ಇಸ್ತ್ರಿ ಒತ್ತಬೇಕು. ಆಮೇಲೆ 3, ಆಮೇಲೆ 4. ಹೊಲಿಗೆ ಮಾಮೂಲಿಗಿಂತ ಸಣ್ಣದಿರಬೇಕು, ಒಂದೂವರೆ ಮಿಲಿಮೀಟರ್ ಹತ್ತಿರ. ಆಗ ಹಾಳೆಗೆ ಅಂಚೆಚೀಟಿಯ ಅಂಚಿನ ಹಾಗೆ ಸಾಲು ತೂತು ಬಿದ್ದಿರುತ್ತದೆ. ಎಲ್ಲ ಮುಗಿದ ಮೇಲೆ ಎಳೆದರೆ ಹಾಳೆ ಹರಿದು ಬರುತ್ತದೆ.

ಅಂದರೆ ಪುಸ್ತಕದಲ್ಲಿ ಹಾಗೆ ಬರುತ್ತದೆ. ಜೋರು ಮಳೆಯ ಕಕ್ಕಡದ ತಿಂಗಳಲ್ಲಿ ನಮ್ಮೂರಿನ ಹಾಳೆ ನೆನೆದ ಹಪ್ಪಳದ ಹಾಗಿರುತ್ತದೆ. ಎಳೆದರೆ ಹರಿಯುವುದಿಲ್ಲ, ನಾರು ನಾರಾಗಿ ಹೊಲಿಗೆಯಲ್ಲೇ ಉಳಿಯುತ್ತದೆ. ಹುಬ್ಬು ಕೀಳುವ ಚಿಮಟ ಹಿಡಿದು ಒಂದೊಂದೇ ಚೂರು ಕಿತ್ತಿದ್ದೇನೆ. ಹಳೆ ಪೇಪರ್ ಹಾಕಿ ನೋಡಿದೆ. ಇಸ್ತ್ರಿ ಇಟ್ಟ ಕೂಡಲೇ ಬಿಳಿ ಬಟ್ಟೆಗೆ ಶಾಯಿ ಹತ್ತಿತು. ಮತ್ತೊಂದು ಸಂಗತಿ, ಹಾಳೆಯಲ್ಲಿ ಇರುವುದು ಬಟ್ಟೆಯಲ್ಲಿ ಕನ್ನಡಿಯೊಳಗಿನ ಹಾಗೆ ಎಡ ಬಲವಾಗಿ ಬರುತ್ತದೆ. ನಾನು ಬರೆದ ಹಕ್ಕಿ ಬಲಕ್ಕೆ ನೋಡುತ್ತಿತ್ತು, ಹೊಲಿದ ಹಕ್ಕಿ ಎಡಕ್ಕೆ ತಿರುಗಿ ಕೂತಿದೆ. ಕನ್ನಡದ ‘ಕ’ ಬರೆದು ಹೊಲಿಯೋಣ ಅಂತಲೂ ಹೊರಟಿದ್ದೆ. ಇದು ನೇರ ಗೆರೆಯ ವಿದ್ಯೆ, ನಮ್ಮ ಅಕ್ಷರಗಳೆಲ್ಲ ದುಂಡು. ಕೈಬಿಟ್ಟೆ.

ಇದಕ್ಕೆ ‘ಅಡಿಪಾಯ ಜೋಡಣೆ’ ಎಂದು ಒಬ್ಬರು ಸೂಚಿಸಿದರು. ಮನೆ ಕಟ್ಟಿಸಿದವರು ಯಾರೂ ಒಪ್ಪುವುದಿಲ್ಲ. ಅಡಿಪಾಯ ಕೊನೆತನಕ ಇರಬೇಕಾದದ್ದು. ಇಲ್ಲಿ ಹಾಳೆ ಕೊನೆಗೆ ಹರಿದು ಕಸದ ಬುಟ್ಟಿಗೆ ಹೋಗುತ್ತದೆ. ಗಾರೆಯವರ ಭಾಷೆಯಲ್ಲಿ ಹೇಳುವುದಾದರೆ ಇದು ಸೆಂಟ್ರಿಂಗ್, ಕಾಂಕ್ರೀಟ್ ಗಟ್ಟಿಯಾದ ಮೇಲೆ ಬಿಚ್ಚುವುದು. ಆದರೆ ಇಲ್ಲೂ ಒಂದು ತೊಡಕಿದೆ. ಅಡಿಗೆ ಹಾಳೆಯನ್ನೇ ಇಡಬೇಕು ಅಂತಿಲ್ಲ, ತೆಳು ಬಟ್ಟೆಯನ್ನೂ ಇಡಬಹುದು. ಬಟ್ಟೆಯಾದರೆ ಒಳಗೇ ಉಳಿಯುತ್ತದೆ. 19ನೇ ಶತಮಾನದ ಅಮೆರಿಕದಲ್ಲಿ ‘ಲಾಗ್ ಕ್ಯಾಬಿನ್’ ಹೊದಿಕೆಗಳನ್ನು ಹೀಗೆ ಅಡಿಬಟ್ಟೆಯ ಮೇಲೆ ಹೊಲಿಯುತ್ತಿದ್ದರು. ನಡುವೆ ಒಂದು ಚೌಕ, ಸುತ್ತ ಮರದ ದಿಮ್ಮಿ ಪೇರಿಸಿದ ಹಾಗೆ ಪಟ್ಟಿಗಳು. ನಡುವಿನ ಚೌಕ ಕೆಂಪಾಗಿದ್ದರೆ ಅದು ಮನೆಯ ಒಲೆ ಅನ್ನುವ ವಾಡಿಕೆ. ಅಂಥ ಕಡೆ ‘ಅಡಿಪಾಯ’ ಅಂದರೂ ನಡೆದೀತು. ಹಾಳೆಯ ಕಡೆ ನಡೆಯುವುದಿಲ್ಲ.

‘ಹಾಳೆ ಹೊಲಿಗೆ’ ಅಂದರೆ? ನಮ್ಮ ಕಡೆ ಹಾಳೆ ಅಂದ ಕೂಡಲೇ ಅಡಿಕೆ ಹಾಳೆ, ಹಾಳೆ ತಟ್ಟೆ ನೆನಪಾಗುತ್ತದೆ. ಅದು ಹೋಗಲಿ ಅಂದರೆ, ಹಾಳೆ ಬಳಸುವ ಇನ್ನೊಂದು ಹೊಲಿಗೆಯೂ ಇದೆ. ಆರು ಮೂಲೆಯ ಸಣ್ಣ ಸಣ್ಣ ದಪ್ಪ ಕಾಗದಕ್ಕೆ ಬಟ್ಟೆ ಸುತ್ತಿ, ಅಂಚುಗಳನ್ನು ಕೈಯಲ್ಲಿ ಹೊಲಿದು ಜೇನುಗೂಡಿನ ಹಾಗೆ ಕೂಡಿಸುವುದು. ಅದಕ್ಕೇನು ಹೆಸರಿಡುವುದು? ಎರಡೂ ಕಲಸಿಹೋಗುತ್ತದೆ.

ಹೀಗೆ ಎರಡು ಶನಿವಾರ ಕಳೆಯಿತು. ಮೂರನೆಯ ವಾರ ಕರೆಂಟ್ ಇರಲಿಲ್ಲ. ಇಸ್ತ್ರಿ ಇಲ್ಲದೆ ಉಗುರಿನಲ್ಲೇ ಮಡಿಕೆ ತೀಡುತ್ತ ಕೂತಿದ್ದೆವು. ಕೊಡವ ಆಂಟಿ ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ತುಂಡನ್ನು ಬೋರಲು ಹಾಕಿ ಹೊಲಿದು, ಈ ಕಡೆಗೆ ತಿರುವಿದೆ. “ಇದು ಒಟ್ಟಿ ಮಗುಚಿದ ಹಾಗೇ ಅಲ್ವಾ” ಅಂದರು. ಒಟ್ಟಿ ಅಂದರೆ ಅಕ್ಕಿ ರೊಟ್ಟಿ. ಹಾಳೆಯಾಗಲಿ ಬಟ್ಟೆಯಾಗಲಿ, ಅಡಿಯಲ್ಲಿ ಏನೇ ಇದ್ದರೂ ಕೈ ಮಾಡುವುದು ಒಂದೇ, ಬೋರಲು ಹಾಕಿ ಹೊಲಿದು ಮಗುಚುವುದು. ನಾನು ಇಷ್ಟು ದಿನ ಇಂಗ್ಲಿಷ್ ಹೆಸರನ್ನು ಹಿಡಿದುಕೊಂಡು ಅಡಿಯಲ್ಲೇ ಹುಡುಕುತ್ತಿದ್ದೆ.

ನಮ್ಮ ಹೊಲಿಗೆಗಳ ಹೆಸರು ಹುಟ್ಟಿದ್ದೂ ಹೀಗೇ ಅಲ್ಲವೇ? ಧಾರವಾಡದ ಕಸೂತಿಯ ನಾಲ್ಕು ಹೊಲಿಗೆಗಳನ್ನು ನೋಡಿ. ಗವಂತಿ ಗಂಟಿನಿಂದ ಬಂತು. ನೇಗಿ ನೇಯ್ದ ಹಾಗೆ ಕಾಣುವುದಕ್ಕೆ. ಮೆಂತೆ ಕಾಳಿನ ಹಾಗೆ ಇರುವುದು ಮೆಂತೆ. ಉಳಿದದ್ದು ಮುರ್ಗಿ, ಮೆಟ್ಟಿಲಿನ ಹಾಗೆ ಹತ್ತಿ ಇಳಿಯುವುದು.

ಹಾಗಾಗಿ ‘ಮಗುಚು ಹೊಲಿಗೆ’. ತೂಗುಸೇತುವೆ, ಕಟ್ಟುಕತೆ, ಸುಡುಗಾಡು ಇವುಗಳ ಹಾಗೆ ಧಾತುವಿನ ಮುಂದೆ ನಾಮಪದ. ವ್ಯಾಕರಣ ಸರಿಯಿದೆ ಅಂದುಕೊಂಡಿದ್ದೇನೆ, ತಪ್ಪಿದ್ದರೆ ತಿದ್ದಿ. ‘ತಿರುವು’ ಬೇಡವಾಯಿತು, ಅದು ಘಾಟಿ ರಸ್ತೆಯ ಪದ. ‘ಮಡಚು’ ಅಂದರೆ ಎರಡು ಪದರವಾಗುವುದು, ಇಲ್ಲಿ ತುಂಡು ಪೂರ್ತಿ ಆಚೆ ಬೀಳುತ್ತದೆ. ‘ಕವುಚು’ ಮಗುಚುವುದರ ಉಲ್ಟಾ. ಅದು ಬೋರಲು ಹಾಕುವ ಮೊದಲ ಹೆಜ್ಜೆಗೆ ಸರಿಹೋಗುತ್ತದೆ. ಕವುಚಿ ಹೊಲಿ, ಮಗುಚಿ ಒತ್ತು. ಹೇಳಿಕೊಡಲು ಇದಕ್ಕಿಂತ ಚಿಕ್ಕ ಮಾತು ಬೇಡ.

ಟೀಚರ್ ಇದಕ್ಕೂ ಒಂದು ತಕರಾರು ತೆಗೆದಿದ್ದಾರೆ. ಮಗುಚು ಅಂದರೆ ಪೇಪರಿನಲ್ಲಿ ಲಾರಿ ಮಗುಚುವುದು, ದೋಣಿ ಮಗುಚುವುದು, ಬರೀ ಅಪಘಾತವೇ ಕಣ್ಣಿಗೆ ಬರುತ್ತದೆ ಅಂತ. ಸಂಪಾಜೆ ಘಾಟಿಯ ಕಡೆಯವರಿಗೆ ಹಾಗನಿಸಿದರೆ ಬೇಡ ಅನ್ನಲಾರೆ. ಆದರೆ ಬೆಳಗಾದರೆ ದೋಸೆ ಮಗುಚುವವರೇ ಜಾಸ್ತಿ ತಾನೆ?

ನಿಮ್ಮಿಂದ ತಿಳಿಯಬೇಕಾದ್ದು ಇಷ್ಟು. ಕೌದಿಯ ಊರಿನವರು, ತುಂಡುಗಳ ಅಡಿಗೆ ಹಾಸುವ ಆ ಮೊದಲ ಸೀರೆಗೆ ನಿಮ್ಮ ಮನೆಯಲ್ಲಿ ಪ್ರತ್ಯೇಕ ಹೆಸರಿದೆಯೇ? ಇದ್ದರೆ ನನ್ನ ಅರ್ಧ ವಾದ ಬಿದ್ದುಹೋಗುತ್ತದೆ, ಸಂತೋಷವೇ. ಟೈಲರ್ ಅಂಗಡಿಗಳಲ್ಲಿ ಹೀಗೆ ಹೊಲಿದು ಮಗುಚುವುದಕ್ಕೆ ಏನನ್ನುತ್ತಾರೆ? ಇಲ್ಲಿ ಕೇಳಿದರೆ “ಉಲ್ಟಾ ಮಾಡಿ ಹೊಡೀರಿ” ಅಂದರು, ಅದನ್ನು ಬೋರ್ಡಿನಲ್ಲಿ ಬರೆಸುವ ಹಾಗಿಲ್ಲ. ಇನ್ನೊಂದು, ‘ಕಂತೆಗೆ ತಕ್ಕ ಬೊಂತೆ’ ಅನ್ನುತ್ತೇವಲ್ಲ, ಆ ಎರಡೂ ತುಂಡು ಕೂಡಿಸಿದ ಹೊದಿಕೆಯ ಹೆಸರುಗಳೇ. ಬಂಗಾಳದವರ ‘ಕಾಂಥಾ’ವೂ ನಮ್ಮ ಕಂತೆಯೂ ಒಂದೇ ಸಂಸ್ಕೃತ ಪದದ ಮಕ್ಕಳು. ನಮ್ಮಲ್ಲಿ ಈಗ ಕಂತೆ ಅಂದರೆ ನೋಟಿನದ್ದು, ಹುಲ್ಲಿನದ್ದು. ಹೊದಿಕೆ ಅನ್ನುವ ಅರ್ಥದಲ್ಲಿ ‘ಬೊಂತೆ’ ಈಗಲೂ ಯಾರ ಮನೆಯಲ್ಲಾದರೂ ಬಳಕೆಯಲ್ಲಿದೆಯೇ? ಇದ್ದರೆ ದಯವಿಟ್ಟು ಬರೆಯಿರಿ, ಕೌದಿಯ ಬದಲು ಅದನ್ನೇ ಎತ್ತಿಕೊಳ್ಳುವ ಆಸೆ ಇದೆ.

ಹೊಸ ಪದ ಹೇಳುವವರು ಒಂದು ನೆನಪಿಡಿ. ಬೋರ್ಡು ಬರೆಯುವವರು ಅಕ್ಷರಕ್ಕೆ ಇಷ್ಟು ಅಂತ ಲೆಕ್ಕ ಹಾಕುತ್ತಾರೆ. ‘ಮಗುಚು ಹೊಲಿಗೆ’ ಆರಕ್ಷರ. ಅದಕ್ಕಿಂತ ಉದ್ದದ್ದು ಬೇಡ.